ಕಾರಿಗೆ ಬಾಯಿ ಬಂದ ಮೇಲೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೋದ ವಾರದ ಮಂಗಳವಾರ ಜಮಖಂಡಿಯ ಬಸ್ ನಿಲ್ದಾಣದ ಎದುರು, ಹಾಡುಹಗಲು, ನಾನು ಒಂದು ಗಾಜಿನ ತುಂಡಿಗೆ ಬೈದೆ. ಮನಸ್ಸಿನಲ್ಲಲ್ಲ, ಬಾಯಿಬಿಟ್ಟು. ಕಾರಿನ ಕಿಟಕಿ ಇಳಿಸಿತ್ತು. ಚುರುಮುರಿ ಗಾಡಿಯ ಮುಂದೆ ನಿಂತಿದ್ದ ಇಬ್ಬರು ಹೆಂಗಸರು ಕೈಯಲ್ಲಿನ ಪೊಟ್ಟಣ ಹಾಗೇ ಹಿಡಿದುಕೊಂಡು ಒಳಗೆ ಬಗ್ಗಿ ನೋಡಿದರು. ಬೈಸಿಕೊಳ್ಳುತ್ತಿರುವ ಹೆಂಡತಿ ಎಲ್ಲಿದ್ದಾಳೆ ಎಂದು ಹುಡುಕಿರಬೇಕು. ನನ್ನ ಪಕ್ಕದ ಸೀಟು ಖಾಲಿ ಇತ್ತು. ನನ್ನ ಸಿಟ್ಟೆಲ್ಲ ಆ ಖಾಲಿ ಸೀಟಿನದೇ ಎಂದು ಅವರಿಗೆ ಹೇಗೆ ಹೇಳಲಿ?

ಗಾಜು ಅಂದೆನಲ್ಲ, ಅದು ಕಾರಿನ ಹೊಸ ಪರದೆ. ಒಂಬತ್ತು ಇಂಚಿನದು. ಹದಿನಾಲ್ಕು ವರ್ಷದ ನನ್ನ ಕಾರಿನಿಂದ ಹಳೆಯ ರೇಡಿಯೊ ಕಿತ್ತು ಮೂರು ತಿಂಗಳ ಹಿಂದೆ ಇದನ್ನು ಕೂರಿಸಿದ್ದೇನೆ. ಇದಕ್ಕೂ ಫೋನಿಗೂ ಒಮ್ಮೆ ಗಂಟು ಹಾಕಿದರೆ ಸಾಕು, ಫೋನಿನೊಳಗಿರುವುದೆಲ್ಲ ಕಾರಿನೊಳಗೆ ಬಂದುಬಿಡುತ್ತದೆ. ಕರೆ ಬಂದರೆ ನಾಲ್ಕು ಸ್ಪೀಕರುಗಳಲ್ಲಿ ಮೊಳಗುತ್ತದೆ. ಕರೆದವರ ಹೆಸರು ಹೆಬ್ಬೆರಳಿನಷ್ಟು ದೊಡ್ಡ ಅಕ್ಷರದಲ್ಲಿ ಮೂಡುತ್ತದೆ. ದಾರಿ ಹೇಳಲು ಒಬ್ಬ ಹೆಂಗಸು ಒಳಗೇ ಕೂತಿದ್ದಾಳೆ. ಕೊನೆಯ ಸ್ಕ್ರೂ ತಿರುಗಿಸಿ, ಕೈ ಒರೆಸಿಕೊಳ್ಳುತ್ತ ಜಮಖಂಡಿಯ ಅಂಗಡಿಯಾತ ಹೇಳಿದ್ದ: "ಇನ್ನ ನಿಮಗ ಕೈಯ ಬ್ಯಾಡ ನೋಡ್ರಿ ಸಾವಕಾರ್ರ. ಬಾಯಿ ಇದ್ರ ಸಾಕು. ಇದಕ್ಕ ಹ್ಯಾಂಡ್ಸ್-ಫ್ರೀ ಅಂತಾರ."

ಕೈ ಬೇಡವಂತೆ! ಬನಹಟ್ಟಿಯ ಮಗ್ಗದ ಮನೆಯಲ್ಲಿ ಹುಟ್ಟಿದವನಿಗೆ ಹೇಳುವ ಮಾತೇ ಇದು? ನಮ್ಮಪ್ಪ ಕೈಮಗ್ಗ ನೇಯ್ದವರು. ನಾನು ಆರು ಪವರ್‌ಲೂಮ್ ಇಟ್ಟುಕೊಂಡವನು. ನಮ್ಮ ಮನೆಯಲ್ಲಿ ಮಗುವಿಗೆ ನಾಲ್ಕು ಮಾತು ಬರುವ ಮೊದಲು ಕಡಿದ ಎಳೆಗೆ ಗಂಟು ಹಾಕಲು ಬರುತ್ತದೆ. ಇಂಥ ಕೈಗಳಿಂದ ನನಗೆ ಬಿಡುಗಡೆ ಕೊಡಿಸಿದೆ ಎಂದು ಆತ ಹಿಗ್ಗುತ್ತಿದ್ದ, ನಾನೂ ಹಲ್ಲು ಕಿರಿದು ತಲೆ ಅಲ್ಲಾಡಿಸಿದೆ. ಅವತ್ತಿನ ಆ ಹಲ್ಲುಕಿರಿತ ನೆನೆದರೆ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ಹಳೆಯ ರೇಡಿಯೊದಲ್ಲಿ ಒಂದು ಗುಂಡನೆಯ ತಿರುಪು ಇತ್ತು. ಅಂಚು ಸವೆದು ನುಣುಪಾಗಿತ್ತು. ಕಣ್ಣು ರಸ್ತೆಯ ಮೇಲೇ ಇರುತ್ತಿತ್ತು, ಬೆರಳು ತಾನಾಗಿ ಹೋಗಿ ಅದನ್ನು ಹುಡುಕುತ್ತಿತ್ತು. ಈ ಪರದೆಗೆ ಟಚ್ ಸ್ಕ್ರೀನ್ ಎಂದು ಹೆಸರಿಟ್ಟವನು ಜನ್ಮದಲ್ಲಿ ಏನನ್ನೂ ಮುಟ್ಟಿ ನೋಡಿರಲಾರ. ಮುಟ್ಟುವುದು ಅಂದರೆ ಏನೆಂದು ತಿಳಿಯಬೇಕಾದರೆ ರಬಕವಿಯ ಯಾವುದಾದರೂ ಸೀರೆ ಅಂಗಡಿಯಲ್ಲಿ ಅರ್ಧ ಗಂಟೆ ಕೂರಬೇಕು. ಅಲ್ಲಿಗೆ ಬಂದ ಮುದುಕಿ ಸೀರೆಯ ಬಣ್ಣ ನೋಡುವುದಿಲ್ಲ. ಸೆರಗಿನ ತುದಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಆಚೆ ಎಲ್ಲೋ ನೋಡುತ್ತ, ಎರಡು ಸಲ ಉಜ್ಜುತ್ತಾಳೆ. ನೂಲು ಎಂಥದು, ಎಷ್ಟು ಒಗೆತ ತಾಳುತ್ತದೆ, ಮಾರುವವನು ಎಷ್ಟು ಸುಳ್ಳು ಹೇಳುತ್ತಿದ್ದಾನೆ, ಮೂರೂ ಅವಳಿಗೆ ತಿಳಿದುಹೋಗುತ್ತದೆ. ಗಾಜಿನ ಮೇಲೆ ಹಾಡೂ ನುಣ್ಣಗಿದೆ, ನಕ್ಷೆಯೂ ನುಣ್ಣಗಿದೆ, ಫೋನ್ ಕಟ್ ಮಾಡುವ ಗುಂಡಿಯೂ ನುಣ್ಣಗಿದೆ. ಹುಡುಕಬೇಕೆಂದರೆ ಕಣ್ಣೇ ಬೇಕು, ಕಣ್ಣು ಅತ್ತ ಹೋದರೆ ರಸ್ತೆ ನೋಡುವವರು ಯಾರು?

ಈ ಪ್ರಶ್ನೆ ಅದನ್ನು ಮಾಡಿದವರಿಗೂ ಹೊಳೆದಿರಬೇಕು. ಕಾರು ಚಾಲೂ ಮಾಡಿದಾಗಲೆಲ್ಲ ಪರದೆಯ ತುಂಬ ಒಂದು ಎಚ್ಚರಿಕೆ ಬರುತ್ತದೆ: ಗಾಡಿ ಓಡಿಸುವಾಗ ಪರದೆ ನೋಡಬೇಡಿ. ನೋಡಬೇಡಿ ಎಂಬುದನ್ನು ನೋಡಿ, ಓದಿ, ಒಪ್ಪಿದೆ ಎಂದು ಒತ್ತಿದ ಮೇಲೆಯೇ ಮುಂದಿನ ಮಾತು. ಒತ್ತದಿದ್ದರೆ ಹಾಡಿಲ್ಲ, ಕರೆಯಿಲ್ಲ. ನನ್ನದೇ ಕಾರಿನಲ್ಲಿ ಕೂರಲು ನಾನು ದಿನಾ ಒಪ್ಪಿಗೆ ಬರೆದುಕೊಡಬೇಕು. ಆಸ್ತಿ ಪಾಲಿನ ಕಾಗದಕ್ಕೂ ನಾನು ಇಷ್ಟು ಸಲ ಸಹಿ ಹಾಕಿಲ್ಲ.

ಇಷ್ಟು ಬೈಯುವವನು ಅದನ್ನು ಹಾಕಿಸಿದ್ದೇಕೆ ಎಂದು ನೀವು ಕೇಳುತ್ತೀರಿ. ಕೇಳಿದವರಿಗೆಲ್ಲ ನಾನು ಕೊಟ್ಟ ಉತ್ತರ, ಸುರಕ್ಷತೆಗಾಗಿ ಎಂದು. ಖರೆ ಕಾರಣ ಬೇರೆ ಇದೆ, ಆಮೇಲೆ ಹೇಳುತ್ತೇನೆ. ಸದ್ಯ ಇನ್ನೂ ಸ್ವಲ್ಪ ಸಿಟ್ಟು ಮಾಡಲು ಬಿಡಿ.

ಪ್ರತಿ ಮಂಗಳವಾರ ಸೀರೆಯ ಗಂಟುಗಳನ್ನು ಹಿಂದಿನ ಸೀಟಿಗೆ ಹಾಕಿಕೊಂಡು ಬನಹಟ್ಟಿಯಿಂದ ಜಮಖಂಡಿ, ಅಲ್ಲಿಂದ ಮುಧೋಳ, ಮುಧೋಳದಿಂದ ಬೀಳಗಿ, ಹೀಗೆ ಒಂದು ಸುತ್ತು ಹೊಡೆಯುವುದು ನನ್ನ ಕೆಲಸ. ನನ್ನ ಅನ್ನುವುದಕ್ಕಿಂತ ನಮ್ಮ ಅನ್ನಬೇಕು. ಪಕ್ಕದ ಸೀಟಿನಲ್ಲಿ ನನ್ನ ಹೆಂಡತಿ ಸುವರ್ಣಾ ಕೂರುತ್ತಿದ್ದಳು. ಫೋನು ಅವಳ ತೊಡೆಯ ಮೇಲೆ. ಕರೆ ಬಂದರೆ ಅವಳೇ ಎತ್ತಿ ಮಾತಾಡಿ, ವಿಷಯವನ್ನು ನನಗೆ ಕೈಯಲ್ಲಿ ಹೇಳುತ್ತಿದ್ದಳು.

ಕೈಯಲ್ಲಿ ಹೇಳುವುದು ಅಂದರೆ ಏನೆಂದು ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮಗ್ಗಗಳು ಓಡುತ್ತಿರುವ ಮನೆಯೊಳಗೆ ಬಂದು ನಿಂತರೆ ನಿಮ್ಮ ದನಿ ನಿಮಗೇ ಕೇಳುವುದಿಲ್ಲ. ಅಲ್ಲಿ ಮಾತೆಲ್ಲ ಬೆರಳಿನದು, ಹುಬ್ಬಿನದು. ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿದರೆ ಎಳೆ ಕಡಿದಿದೆ, ಮಗ್ಗ ನಿಲ್ಲಿಸು. ಅಂಗೈಯನ್ನು ಗಾಳಿಯಲ್ಲಿ ಸುತ್ತಿದರೆ ಬೀಮಿನ ನೂಲು ಮುಗಿಯುತ್ತ ಬಂತು, ಸ್ವಲ್ಪ ತಡಿ. ಹೆಬ್ಬೆರಳು ಬಾಯಿಯ ಕಡೆ ವಾಲಿದರೆ ಚಹಾ. ಸುವರ್ಣಾ ಈ ಭಾಷೆಯನ್ನು ಕಾರಿಗೂ ತಂದಿದ್ದಳು. ಮೂಗಿನಿಂದ ಮುಂದಕ್ಕೆ ಉದ್ದನೆಯ ಮೂತಿ ಎಳೆದು ತೋರಿಸಿದರೆ ಮುಧೋಳದ ಅಂಗಡಿಯವರ ಫೋನು. ಅಲ್ಲಿಯ ಬೇಟೆನಾಯಿಯ ಮೂತಿ ಯಾರಿಗೆ ಗೊತ್ತಿಲ್ಲ? ಹಲ್ಲಿನಿಂದ ಕಬ್ಬು ಸಿಗಿದಂತೆ ಮಾಡಿದರೆ ಕಬ್ಬಿನ ಊರು, ಬೀಳಗಿ. ಅಂಗೈ ತಲೆಯ ಮೇಲಕ್ಕೆ ಏರಿಸಿದರೆ ಗುಡ್ಡದ ಊರು, ಜಮಖಂಡಿ. ಹೊಸ ಊರುಗಳಿಗೂ ಅವಳು ಹೊಸ ಸನ್ನೆ ಮಾಡುತ್ತಿದ್ದಳು. ನಾವು ಹೀಗೆ ಇಡೀ ದಿನ ಮಾತಾಡುತ್ತಲೇ ಇರುತ್ತಿದ್ದೆವು.

ಪರದೆ ಬಂದ ಮೊದಲ ಮಂಗಳವಾರ ಫೋನು ಅವಳ ತೊಡೆಯಿಂದ ಎದ್ದು ಪರದೆಯ ಕೆಳಗಿನ ಗೂಡಿಗೆ ಹೋಯಿತು. ಕರೆ ಬಂತು, ಕಾರೆಲ್ಲ ತುಂಬುವ ಹಾಗೆ ಮೊಳಗಿತು. ನಾನೇ ಎತ್ತಿದೆ, ನಾನೇ ಮಾತಾಡಿದೆ, ಏನೋ ಗೆದ್ದವನ ಹಾಗೆ ಅವಳ ಮುಖ ನೋಡಿದೆ. ಅವಳ ಎರಡೂ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಸುವರ್ಣಾಳ ಕೈ ಖಾಲಿ ಕೂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ನೋಡಿದೆ, ಆದರೆ ಅದೇನೆಂದು ತಿಳಿದುಕೊಳ್ಳಲಿಲ್ಲ.

ಎರಡನೆಯ ಮಂಗಳವಾರ ಮುಧೋಳ ದಾಟಿದ ಮೇಲೆ ಪರದೆಯ ಹೆಂಗಸು ಬಲಕ್ಕೆ ತಿರುಗು ಎಂದಳು. ಸುವರ್ಣಾ ಎಡಗೈ ಚಾಚಿ ಎಡಕ್ಕೆ ಎಂದಳು. ಇಪ್ಪತ್ತು ವರ್ಷ ಈ ರಸ್ತೆಯಲ್ಲಿ ಓಡಾಡಿದವನು ನಾನು, ಯಾರ ಮಾತು ಕೇಳಬೇಕಿತ್ತು ಹೇಳಿ. ಹಣ ಕೊಟ್ಟು ತಂದವಳ ಮಾತು ಕೇಳಿದೆ. ಎರಡು ಕಬ್ಬಿನ ಹೊಲಗಳ ನಡುವಿನ ದಾರಿ, ಎದುರಿಗೆ ಎರಡು ಟ್ರೇಲರು ಕಟ್ಟಿಕೊಂಡು ಕಬ್ಬು ತುಂಬಿದ ಟ್ರ್ಯಾಕ್ಟರು, ಅದರ ಮೇಲೆ ಮದುವೆ ಮನೆಯಷ್ಟು ದೊಡ್ಡ ಸ್ಪೀಕರಿನಲ್ಲಿ ಹಾಡು. ಅದು ಹಿಂದೆ ಸರಿಯುವಂತಿಲ್ಲ. ಒಂದು ಫರ್ಲಾಂಗು ದೂರ ನಾನೇ ಹಿಂದೆ ಹಿಂದೆ ಬಂದೆ. ಕಬ್ಬಿನ ಗರಿ ಎರಡೂ ಕಡೆಯಿಂದ ಕಾರನ್ನು ಗೀರುತ್ತಿತ್ತು. ಅಷ್ಟು ಹೊತ್ತೂ ಪರದೆಯ ಹೆಂಗಸು ಒಂದೇ ಸಮನೆ ನೇರ ಮುಂದೆ ಹೋಗು ಎನ್ನುತ್ತಿದ್ದಳು. ತಪ್ಪಾಯಿತು ಎಂಬ ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ಮನುಷ್ಯರಾದರೆ ಮುಖವನ್ನಾದರೂ ಆಚೆ ತಿರುಗಿಸುತ್ತಿದ್ದರು.

ಮೂರನೆಯ ಮಂಗಳವಾರ ನಾನು ಸೀರೆಯ ಗಂಟುಗಳನ್ನು ಕಾರಿಗೆ ಹಾಕಿ ಹಾರ್ನ್ ಹೊಡೆದೆ. ಸುವರ್ಣಾ ಬಾಗಿಲಿಗೆ ಬಂದು ಅಲ್ಲೇ ನಿಂತಳು.

"ನೀವ ಹೋಗಿ ಬರ್ರಿ," ಎಂದಳು. "ಅಕಿ ಅದಾಳಲ್ಲ."

ಅಷ್ಟೇ. ಜಗಳವಿಲ್ಲ, ಕಣ್ಣೀರಿಲ್ಲ. ನಾಲ್ಕನೆಯ ವಾರವೂ ಬರಲಿಲ್ಲ, ಐದನೆಯ ವಾರವೂ ಇಲ್ಲ. ಪರದೆ ಕಿತ್ತು ಹಾಕೋಣವೆಂದು ಜಮಖಂಡಿಯ ಅಂಗಡಿಗೆ ಹೋದರೆ ಆತ, ಪರದೆ ಕೂರಿಸಲು ಕಾರಿನ ಮುಂಭಾಗವನ್ನು ಅಗಲ ಕೊಯ್ದಿದ್ದಾಗಿದೆ, ಹಳೆಯ ರೇಡಿಯೊ ಇನ್ನು ಅಲ್ಲಿ ನಿಲ್ಲುವುದಿಲ್ಲ ಎಂದ. "ಕೊಯ್ದದ್ದು ಕೊಯ್ದಾತ್ರಿ," ಎಂದು ನಕ್ಕ. ಕೊಯ್ಯುವ ಮೊದಲು ಹೇಳಬಾರದಿತ್ತೇ? ನಾವು ಸೀರೆಗೆ ಕತ್ತರಿ ಹಾಕುವ ಮೊದಲು ಮೂರು ಸಲ ಕೇಳುತ್ತೇವೆ, ಅಮ್ಮಾ ಇಲ್ಲಿಯೇ ಕತ್ತರಿಸಲೇ ಎಂದು. ಈ ಅಂಗಡಿಗಳಲ್ಲಿ ಕೇಳುವ ಪದ್ಧತಿಯೇ ಇಲ್ಲ.

ಹೀಗೆ ಎರಡೂವರೆ ತಿಂಗಳು ಒಬ್ಬನೇ ತಿರುಗಿದೆ. ಬೀಳಗಿಯ ಶಿವಲಿಂಗಪ್ಪನವರ ಸಂಗತಿ ನಡೆದದ್ದು ಹೋದ ವಾರದ ಮಂಗಳವಾರ, ನಾನು ಜಮಖಂಡಿಯಲ್ಲಿ ಗಾಜಿಗೆ ಬೈದ ದಿನವೇ, ಮಧ್ಯಾಹ್ನ.

ಶಿವಲಿಂಗಪ್ಪನವರು ಬೀಳಗಿಯಲ್ಲಿ ಸೀರೆ ಅಂಗಡಿ ಇಟ್ಟವರು, ಇಪ್ಪತ್ತು ವರ್ಷದ ಗಿರಾಕಿ. ಒಳ್ಳೆಯವರೇ, ಆದರೆ ಒಂದೊಂದು ಸೀರೆಯನ್ನೂ ಪೂರ್ತಿ ಬಿಚ್ಚಿ ಬಿಸಿಲಿಗೆ ಹಿಡಿಯುತ್ತಾರೆ. ಅಂಚಿನಲ್ಲಿ ಇಲ್ಲದ ಡೊಂಕು ಹುಡುಕುತ್ತಾರೆ. ಎಳೆ ಎಳೆದು ನೋಡುತ್ತಾರೆ. ಎರಡು ತಾಸು ಹೀಗೆ ನನ್ನ ಜೀವ ತಿಂದು, ಕೊನೆಗೆ ಎಲ್ಲವನ್ನೂ ಇಟ್ಟುಕೊಳ್ಳುತ್ತಾರೆ. ಈಗ ನನ್ನ ಫೋನಿನೊಳಗೆ ನಾಲ್ಕು ಮಂದಿ ಶಿವಲಿಂಗಪ್ಪ ಇದ್ದಾರೆ. ಈರಪ್ಪ ಆರು ಮಂದಿ, ಮಹಾದೇವಪ್ಪ ಎಷ್ಟೋ. ಬರೀ ಹೆಸರು ಬರೆದುಕೊಂಡರೆ ನಮ್ಮ ಕಡೆ ಯಾರೆಂದು ಗೊತ್ತಾಗುವುದಿಲ್ಲ. ಆದ್ದರಿಂದ ಊರೂ ಗುಣವೂ ಸೇರಿಸಿ ಬರೆದುಕೊಳ್ಳುವುದು ಇಲ್ಲಿಯ ರೂಢಿ. 'ಮುಧೋಳ ಮೀಸೆ' ಇದ್ದಾರೆ, 'ಜಮಖಂಡಿ ಚಹಾ' ಇದ್ದಾರೆ, 'ರಬಕವಿ ನಾಳೆ ಬಾ' ಇದ್ದಾರೆ. ಇದರಲ್ಲಿ ಬೈಗುಳವೇನೂ ಇಲ್ಲ, ಗುರುತು ಮಾತ್ರ. ಅಂಗೈಯಗಲದ ಫೋನು ಸುವರ್ಣಾಳ ತೊಡೆಯ ಮೇಲೆ ಇದ್ದಷ್ಟು ದಿನ ಆ ಗುರುತು ನಮ್ಮಿಬ್ಬರ ನಡುವೆಯೇ ಇತ್ತು.

ಅವತ್ತು ವ್ಯಾಪಾರ ಮುಗಿಸಿ ಹೊರಟಾಗ ಶಿವಲಿಂಗಪ್ಪನವರು ತಮಗೂ ದಾರಿಯಲ್ಲಿರುವ ಬಾಡಗಂಡಿಯಲ್ಲಿ ಕೆಲಸವಿದೆ ಎಂದು ಕಾರು ಹತ್ತಿದರು. ಸುವರ್ಣಾಳ ಸೀಟಿನಲ್ಲಿ ಕೂತರು. ಬಾಡಗಂಡಿ ಮುಟ್ಟಿ ನಾನು ಕಾರು ನಿಲ್ಲಿಸಿದಾಗ ಅಂಗಿಯ ಕಿಸೆ ತಡವಿಕೊಂಡು ಗಾಬರಿಯಾದರು.

"ನನ್ನ ಫೋನ ಎಲ್ಲಿ ಬಿತ್ತೋ ಏನೋ. ಒಂದ ರಿಂಗ್ ಕೊಡ್ರಿ ಸಾವಕಾರ್ರ."

ನನಗೆ ಹುರುಪು ಬಂತು. ಮೂರು ತಿಂಗಳಿಂದ ಈ ಯಂತ್ರದ ಚಮತ್ಕಾರ ತೋರಿಸಲು ನನಗೂ ಒಬ್ಬರು ಬೇಕಿತ್ತು. ಹಾಳಾದದ್ದನ್ನು ಎಷ್ಟು ಬೈದರೂ ಬೇರೆಯವರ ಮುಂದೆ ಮೆರೆಸುವ ಆಸೆ ಬಿಡುವುದಿಲ್ಲ ನೋಡಿ. "ಇಲ್ಲೇ ನೋಡ್ರಿ, ಬರೇ ಬಟ್ಟ ಇಟ್ರ ಸಾಕು," ಎಂದು ಪರದೆಯ ಮೇಲೆ ಬೆರಳು ಒತ್ತಿದೆ. ಒಂಬತ್ತು ಇಂಚಿನ ಗಾಜಿನ ಮೇಲೆ, ಬೆಳ್ಳಗೆ, ಹೆಬ್ಬೆರಳಿನ ಗಾತ್ರದ ಅಕ್ಷರಗಳು ಎದ್ದವು: ಬೀಳಗಿ ಕಿರಿಕಿರಿ.

ಅದೇ ಹೊತ್ತಿಗೆ ಶಿವಲಿಂಗಪ್ಪನವರ ಕಾಲ ಬಳಿಯ ಚೀಲದೊಳಗೆ ಫೋನು ರಿಂಗಾಯಿತು.

ಅವರು ಬಗ್ಗಿ ಫೋನು ತೆಗೆದರು. ಪರದೆ ನೋಡಿದರು. ನನ್ನನ್ನು ನೋಡಿದರು. ನಾನು ಎಲ್ಲಿ ನೋಡಲಿ? ಕರೆ ಕಟ್ ಮಾಡುವ ಗುಂಡಿ ನುಣ್ಣನೆಯ ಗಾಜಿನ ಮೇಲೆ ಎಲ್ಲಿಯೋ ಇತ್ತು, ನನ್ನ ಬೆರಳಿಗೆ ಸಿಗಲಿಲ್ಲ. ಇಪ್ಪತ್ತು ವರ್ಷದ ವ್ಯವಹಾರ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಶಿವಲಿಂಗಪ್ಪನವರು ರಿಂಗಾಗುತ್ತಿದ್ದ ತಮ್ಮ ಫೋನನ್ನು ನನ್ನ ಮುಖದ ಎದುರು ಹಿಡಿದರು. ನನ್ನ ಕರೆ ಅದರಲ್ಲಿ ಒಂದು ಹೆಸರಿನಿಂದ ಬರುತ್ತಿತ್ತು: ಬನಹಟ್ಟಿ ಕಿವುಡ.

ಈಗ ಖರೆ ಕಾರಣ ಹೇಳುವ ಹೊತ್ತು. ಆರು ತಿಂಗಳಿಂದ ನನಗೆ ಫೋನಿನ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ಆರು ತಿಂಗಳು ಎಂದದ್ದು ಸುಳ್ಳು, ಆರು ವರ್ಷ. ನಲವತ್ತು ವರ್ಷ ಮಗ್ಗದ ಸದ್ದಿನಲ್ಲಿ ಬದುಕಿದ ಕಿವಿ ಇನ್ನೇನು ಮಾಡೀತು? ಆದರೆ ಅದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆ. ಕರೆಗಳನ್ನು ಹೆಂಡತಿ ಎತ್ತುವುದೇ ನನ್ನ ಗುಟ್ಟು ಹೊರಗೆ ಹಾಕೀತು ಎಂದು ಹೆದರಿಕೆ. ನಾಲ್ಕು ಸ್ಪೀಕರುಗಳಲ್ಲಿ ಮೊಳಗುವ ಫೋನು ಇದ್ದರೆ ಯಾರ ಹಂಗೂ ಇಲ್ಲದೆ ಕೇಳಿಸುತ್ತದೆ, ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ. ಆ ಗುಟ್ಟು ಬೀಳಗಿಯ ತನಕ ಹೋಗಿ, ಫೋನಿನಲ್ಲಿ ನನ್ನ ಹೆಸರಾಗಿ ಕೂತು ಎಷ್ಟು ವರ್ಷವಾಗಿತ್ತೋ.

"ನೀವು ಬರಕೊಂಡದ್ದೂ ಖರೆ ಐತಿ, ನಾ ಬರಕೊಂಡದ್ದೂ ಖರೆ ಐತಿ," ಎಂದರು ಶಿವಲಿಂಗಪ್ಪನವರು, ನನಗೆ ಕೇಳಿಸುವಷ್ಟು ಜೋರಾಗಿ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಳಿಯುವಾಗ ಬಾಗಿಲು ಹಿಡಿದು ನಿಂತು ಸುವರ್ಣಾಳ ಬಗ್ಗೆ ಕೇಳಿದರು: "ವೈನ್ಯಾರ ಯಾಕ ಬರವಲ್ರು? ಅವ್ರ ಇಲ್ಲಂದ್ರ ನಿಮ್ಮ ಜೋಡಿ ಮಾತಾಡೂದು ಗ್ವಾಡಿ ಜೋಡಿ ಮಾತಾಡಿದಂಗ ಆಗತೈತಿ."

ಮನೆಗೆ ಬಂದವನು ಸೀದಾ ಸುವರ್ಣಾಳ ಮುಂದೆ ನಿಂತು ಕೂಗಾಡಿದೆ. "ನನ್ನ ಕಿವುಡ ಅಂತ ಬರಕೊಂಡಾನ ಆ ಮನುಷ್ಯಾ! ಕಿವುಡ ಅಂತ!"

ಅವಳು ಮಡಚುತ್ತಿದ್ದ ಸೀರೆ ಬಿಡಲಿಲ್ಲ. "ಹೌದಲ್ಲ ಮತ್ತ," ಎಂದಳು.

"ನಿನಗ ಗೊತ್ತಿತ್ತ?"

"ಎಲ್ಲಾರಿಗೂ ಗೊತ್ತೈತ್ರಿ."

"ಮತ್ತ ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನಿಮಗ ಕೇಳಸತಿತ್ತೇನು?" ಎಂದಳು. ನಗಲಿಲ್ಲ. ಸೀರೆಯ ಮೇಲೆ ಅಂಗೈ ಒತ್ತುತ್ತ, "ನಾ ಕಾರಿನ್ಯಾಗ ಊರ ನೋಡಾಕ ಬರತಿದ್ದೆ ಅಂತ ತಿಳಕೊಂಡ್ರೇನು? ನಾಕ ಮಂದಿ ಮುಂದ ನಿಮ್ಮ ಮಾನ ಹೋಗಬಾರದು ಅಂತ ಬರತಿದ್ದೆ. ನೀವು ನನ್ನ ಬಿಟ್ಟ ಮಷೀನ ತಂದ್ರಿ," ಎಂದಳು.

ನಾನು ಮೂರು ತಿಂಗಳಿಂದ ಗಾಜಿನ ಮೇಲೆ, ಅಂಗಡಿಯವನ ಮೇಲೆ, ಪರದೆಯೊಳಗಿನ ಹೆಂಗಸಿನ ಮೇಲೆ ಮಾಡಿದ ಸಿಟ್ಟೆಲ್ಲ ಅಂದು ನನ್ನ ತಲೆಯ ಮೇಲೇ ಬಂದು ಬಿತ್ತು. ತುಂಬ ನಾಚಿಕೆಯಾಯಿತು. ತಪ್ಪಾಯಿತು ಎಂದು ಹೇಳಬೇಕಿತ್ತು, ಬಾಯಿಗೆ ಬರಲಿಲ್ಲ. ಪರದೆಯ ಹೆಂಗಸಿಗೂ ನನಗೂ ಈ ವಿಷಯದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ನಿನ್ನೆ ಮಂಗಳವಾರ. ಬೆಳಿಗ್ಗೆ ಆರೂ ಮಗ್ಗಗಳು ಓಡುತ್ತಿದ್ದಾಗ ಒಳಗೆ ಹೋದೆ. ಸುವರ್ಣಾ ಆಚೆ ತುದಿಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಈಚೆ ತುದಿಯಲ್ಲಿ ನಿಂತು ಕೈ ಎತ್ತಿದೆ. ನೀನು, ನಾನು ಎಂದು ತೋರಿಸಿದೆ. ಅಂಗೈ ತಲೆಯ ಮೇಲಕ್ಕೆ ಏರಿಸಿದೆ. ಉದ್ದನೆಯ ಮೂತಿ ಎಳೆದೆ. ಹಲ್ಲಿನಿಂದ ಕಬ್ಬು ಸಿಗಿದೆ. ಕೆಲಸದವರೆಲ್ಲ ಮಗ್ಗ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ನೋಡಲಿ. ಸುವರ್ಣಾ ಕೈಯಲ್ಲಿದ್ದ ಕಂಡಿಕೆ ಕೆಳಗಿಟ್ಟಳು. ಆಮೇಲೆ ಅಂಗೈಯನ್ನು ಗಾಳಿಯಲ್ಲಿ ಸುತ್ತಿದಳು. ಸ್ವಲ್ಪ ತಡಿ.

ಕಾರಿನಲ್ಲಿ ಕೂತವಳು ಮೊದಲು ಮಾಡಿದ ಕೆಲಸ, ಗೂಡಿನಿಂದ ಫೋನು ತೆಗೆದು ಪರದೆಯ ಗಂಟು ಬಿಡಿಸಿದ್ದು. ಯಾವ ಫೋನೂ ಜೋಡಣೆಯಾಗಿಲ್ಲ ಎಂದು ಗಾಜು ಗೋಳಾಡಿತು. ಅವಳು ಚೀಲದಿಂದ ಒಂದು ರವಿಕೆ ಖಣ ತೆಗೆದು ಅದರ ಮೇಲೆ ಹೊದಿಸಿ, ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಶಿವಲಿಂಗಪ್ಪನವರ ಹೆಸರನ್ನು ಬದಲಿಸೋಣವೇ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿದಳು. ಅವರೂ ನನ್ನದನ್ನು ಬದಲಿಸಿರುವುದಿಲ್ಲ.

ಜಮಖಂಡಿಯೊಳಗೆ ಬರುತ್ತಿದ್ದಂತೆ ಅವಳು ತನ್ನ ಕಿವಿಯ ತುದಿ ಹಿಡಿದು ಎಳೆದಳು. ಹೊಸ ಸನ್ನೆ. ಅರ್ಥವಾಗಲಿಲ್ಲ. ಆಗ ನನ್ನ ಕಡೆ ಬಾಗಿ, "ಕಿವಿ ಡಾಕ್ಟರ ಕಡೆ ಹೋಗೂಣು," ಎಂದಳು.

ನಾನು ಸಿಡಿದೆ. ಮತ್ತೊಂದು ಯಂತ್ರವೇ? ಕಾರನ್ನು ಕೊಯ್ದದ್ದು ಸಾಲದೇ, ಇನ್ನು ನನ್ನ ತಲೆಗೂ ಒಂದು ಕೂರಿಸಬೇಕೇ? ಈಗಿನ ಕಿವಿಯ ಯಂತ್ರಗಳೂ ಫೋನಿಗೆ ಜೋಡಣೆಯಾಗುತ್ತವಂತೆ, ನಿನಗೆ ಗೊತ್ತೇ? ಅದಕ್ಕೂ ದಿನಾ ಬೆಳಿಗ್ಗೆ ಒಪ್ಪಿದೆ ಎಂದು ಒತ್ತಬೇಕಾದೀತು, ಆ ಹೆಂಗಸು ಅಲ್ಲಿಗೂ ಬಂದು ಸೀದಾ ಕಿವಿಯೊಳಗೇ ಕೂತು ಬಲಕ್ಕೆ ತಿರುಗು ಎಂದಾಳು! ಬಸ್ ನಿಲ್ದಾಣದ ಎದುರು ಚುರುಮುರಿ ಗಾಡಿಯ ಬಳಿ ಯಾರೋ ತಿರುಗಿ ನೋಡಿದರು. ನಾನು ಇನ್ನೂ ಹೇಳುವುದಿತ್ತು.

ಸುವರ್ಣಾ ಎರಡು ಬೆರಳು ಎತ್ತಿ ಕತ್ತರಿಯ ಹಾಗೆ ಆಡಿಸಿದಳು. ಎಳೆ ಕಡಿದಿದೆ, ಮಗ್ಗ ನಿಲ್ಲಿಸು.

ನಿಲ್ಲಿಸಿದೆ. ಅವಳು ಎಡಗೈ ಚಾಚಿದಳು. ನಾನು ಎಡಕ್ಕೆ ತಿರುಗಿಸಿದೆ.